ಲೆಕ್ಕ ಕೆಟ್ಟಿಲ್ಲ, ಕಂಪ್ಯೂಟರ್ ಕೆಟ್ಟಿದೆ

ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆ ಮುಗಿದಿರುತ್ತದೆ, ದುಧನಿಯ ಮಾರುಕಟ್ಟೆಯಲ್ಲಿ ತೊಗರಿಯ ಹಂಗಾಮು. ಅಡತಿ ಅಂಗಡಿಯಲ್ಲಿ ತೂಕ ಆಗಿದೆ. ಹಮಾಲಿ, ತೋಲಾಯಿ ಕಳೆದು ರೈತನ ಕೈಗೆ ಎಷ್ಟು ಬರಬೇಕೆಂಬ ಲೆಕ್ಕ ಪರದೆಯ ಮೇಲೆ ನಿಂತಿದೆ. ಪಟ್ಟಿ ಮಾತ್ರ ಪ್ರಿಂಟರಿನಿಂದ ಹೊರಬರುತ್ತಿಲ್ಲ. ಊರಿನ ಕಡೆಯ ಬಸ್ಸಿನ ಚಿಂತೆಯಲ್ಲಿ ರೈತ ಕಟ್ಟೆಯ ಮೇಲೆ ಕುಳಿತಿದ್ದಾನೆ. ಆ ಹೊತ್ತಿಗೆ ನನಗೆ ಬರುವ ಫೋನು ಹೆಚ್ಚುಕಡಿಮೆ ಹೀಗೇ ಇರುತ್ತದೆ: “ಸರ್, ಟ್ಯಾಲಿ ಕೆಟ್ಟ್ ಹೋಗ್ಯಾದ್ರಿ. ನಿನ್ನಿ ತನಾ ಛಲೋ ನಡದಿತ್ತು. ಫಾರ್ಮ್ಯಾಟ್ ಹೊಡೀಬೇಕು ಅಂತ ಹೇಳ್ಯಾರ, ಹೊಡಸ್ಲೇನ್ರಿ?”

ಬ್ಯಾಡ್ರಿ. ಈ ಲೇಖನ ಬರೆಯುತ್ತಿರುವುದೇ ಆ ಒಂದು ಮಾತನ್ನು ಗಟ್ಟಿಯಾಗಿ ಹೇಳುವುದಕ್ಕೆ. ಸೊಲ್ಲಾಪುರದ ಚಾದರ ಕಾರ್ಖಾನೆ, ಅಕ್ಕಲಕೋಟದ ಕಿರಾಣಿ ಅಂಗಡಿ, ಹಳ್ಳಿಯ ಪತಸಂಸ್ಥೆ, ಎಲ್ಲಿಂದ ‘ಲೆಕ್ಕದ ಸಾಫ್ಟ್‌ವೇರ್ ಕೆಟ್ಟಿದೆ’ ಎಂಬ ಕರೆ ಬಂದರೂ, ಹೋಗಿ ನೋಡಿದರೆ ಬಹಳ ಸಲ ಕೆಟ್ಟಿದ್ದು ಬೇರೆಯೇ ಆಗಿರುತ್ತದೆ. ಕೇಬಲ್ಲು, ಯುಪಿಎಸ್ಸಿನ ಬ್ಯಾಟರಿ, ಫ್ಯಾನಿಗೆ ಸುತ್ತಿಕೊಂಡ ನೂಲಿನ ಧೂಳು, ಇಲ್ಲವೇ ಡ್ರೈವರ್.

ಡ್ರೈವರ್ ಅಂದರೆ ದುಭಾಷಿ. ಸೊಲ್ಲಾಪುರದ ಪೇಟೆಯಲ್ಲಿ ತೆಲುಗು ನೇಕಾರ, ಮರಾಠಿ ವ್ಯಾಪಾರಿ, ಕನ್ನಡದ ಗಿರಾಕಿ ಒಂದೇ ಗಾದಿಯ ಮೇಲೆ ಕುಳಿತಾಗ ನಡುವೆ ಒಬ್ಬ ಮೂರೂ ಮಾತು ಬಲ್ಲವನಿರುತ್ತಾನೆ. ವಿಂಡೋಸ್ ಆಡುವ ಮಾತು ಒಂದು, ಪ್ರಿಂಟರ್ ತಿಳಿಯುವ ಮಾತು ಇನ್ನೊಂದು, ನಡುವಿನವನೇ ಡ್ರೈವರ್. ವಿಂಡೋಸ್ ಹೊಸದಾಗಿ, ದುಭಾಷಿ ಹಳಬನಾಗಿಯೇ ಉಳಿದರೆ ವ್ಯವಹಾರ ಮುರಿಯುತ್ತದೆ. ಆಗ ನಾವು ಬೈಯುವುದು ಲೆಕ್ಕದ ಸಾಫ್ಟ್‌ವೇರನ್ನು.

ನಮ್ಮ ಕಡೆ ಲೆಕ್ಕದ ಸಾಫ್ಟ್‌ವೇರ್ ಎಂದರೆ ಬಹುಪಾಲು ಟ್ಯಾಲಿಯೇ. ಅದರ ಹುಟ್ಟಿಗೂ ಜವಳಿಗೂ ನಂಟಿದೆ. ಶ್ಯಾಮಸುಂದರ ಗೋಯೆಂಕಾ ಜವಳಿ ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದವರು. ತಮ್ಮ ವ್ಯವಹಾರಕ್ಕೆ ಒಗ್ಗುವ ಪ್ರೋಗ್ರಾಂ ಸಿಗದೆ, ಗಣಿತ ಓದಿದ ಮಗ ಭರತ್ ಗೋಯೆಂಕಾಗೆ ನೀನೇ ಬರೆ ಎಂದರು. 1986ರಲ್ಲಿ ಬೆಂಗಳೂರಿನಲ್ಲಿ ಕಂಪನಿ ಶುರುವಾಯಿತು. ಡಾಸ್ ಕಾಲದಿಂದ ಇಂದಿನ ಟ್ಯಾಲಿಪ್ರೈಮ್‌ವರೆಗೆ ಅದರ ಕೆಳಗಿನ ಯಂತ್ರ ಎಷ್ಟೋ ಸಲ ಬದಲಾಗಿದೆ. ಆದರೆ ನಮ್ಮ ಅಂಗಡಿಗಳಲ್ಲಿ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ತೂಕದ ಹಳೆಯ ಕಾಟಾ ಇನ್ನೂ ದುಡಿಯುತ್ತಿವೆ. ತಿಕ್ಕಾಟ ಹುಟ್ಟುವುದು ಅಲ್ಲೇ.

ಕೈ ಹಚ್ಚುವ ಮೊದಲು ನಕಲು

ಸಾಫ್ಟ್‌ವೇರ್ ಮತ್ತೆ ಹಾಕಿಕೊಳ್ಳಬಹುದು, ಪ್ರಿಂಟರ್ ಮತ್ತೆ ಕೊಳ್ಳಬಹುದು. ಕಿರ್ದಿ, ಖಾತೆ, ಉದ್ರಿ ಬಾಕಿ ಇರುವ ಡೇಟಾ ಫೋಲ್ಡರ್ ಒಂದು ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಂಪನಿ ಆಯ್ಕೆ ಮಾಡುವ ಪರದೆಯಲ್ಲಿ ಡೇಟಾ ಇರುವ ಜಾಗ ಕಾಣುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿ 10000ದಂಥ ಸಂಖ್ಯೆಯ ಹೆಸರಿನ ಫೋಲ್ಡರ್‌ಗಳಿರುತ್ತವೆ, ಒಂದೊಂದೂ ಒಂದೊಂದು ಕಂಪನಿಯ ಲೆಕ್ಕ. ಎಲ್ಲ ಕಂಪ್ಯೂಟರ್‌ಗಳಲ್ಲೂ ಟ್ಯಾಲಿ ಮುಚ್ಚಿ, ಆ ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಬ್ಯಾಕಪ್ ಸಿಗುತ್ತದೆ, ಅದೂ ಇರಲಿ. ಎರಡೂ ಇದ್ದರೆ ನಷ್ಟವಿಲ್ಲ.

ರಿಪೇರಿಗೆ ಬಂದವರು ‘ಸಿ ಡ್ರೈವ್ ಅಷ್ಟೇ ಫಾರ್ಮ್ಯಾಟ್ ಮಾಡ್ತೀನಿ, ಡಿ ಡ್ರೈವ್ ಹಂಗೇ ಇರ್ತದ’ ಎನ್ನುತ್ತಾರೆ. ಅನೇಕ ಕಂಪ್ಯೂಟರ್‌ಗಳಲ್ಲಿ ಟ್ಯಾಲಿ ತನ್ನ ಡೇಟಾವನ್ನು ಸಿ ಡ್ರೈವ್‌ನಲ್ಲೇ, ಪಬ್ಲಿಕ್ ಎಂಬ ಫೋಲ್ಡರಿನೊಳಗೆ ಇಟ್ಟಿರುತ್ತದೆ. ಡೆಸ್ಕ್‌ಟಾಪ್ ಮೇಲಿನ ಎಕ್ಸೆಲ್ ಕಡತಗಳೂ ಸಿ ಡ್ರೈವೇ. ಒಂದು ಬಚತ್ ಗಟದ, ಅಂದರೆ ಸ್ವಸಹಾಯ ಸಂಘದ, ಹೆಣ್ಣುಮಕ್ಕಳು ಮೂರು ವರ್ಷದ ಕಂತಿನ ಲೆಕ್ಕವನ್ನು ಹೀಗೆ ಕಳೆದುಕೊಂಡು, ಪಾಸ್‌ಬುಕ್ಕುಗಳನ್ನು ಎದುರಿಗೆ ಹರವಿಕೊಂಡು ಮೊದಲಿನಿಂದ ಬರೆಯುತ್ತ ಕುಳಿತದ್ದನ್ನು ನೋಡಿದ್ದೇನೆ. ಅದನ್ನು ನೋಡಿದ ಮೇಲೆ ಬ್ಯಾಕಪ್ ಬಗ್ಗೆ ಒಂದೇ ಮಾತನ್ನು ನೂರು ಸಲ ಹೇಳಲು ನನಗೆ ಬೇಸರವಿಲ್ಲ.

ಅದಲುಬದಲು ಮಾಡಿ ನೋಡಿ

ನಕಲು ಆಯಿತೇ? ಈಗ ತಪ್ಪು ಡೇಟಾದ್ದೋ ಯಂತ್ರದ್ದೋ ಎಂದು ಬೇರ್ಪಡಿಸಬೇಕು. ಅದೇ ಕಂಪ್ಯೂಟರಿನಲ್ಲಿ ಸುಳ್ಳುಸುಳ್ಳೇ ಒಂದು ಹೊಸ ಕಂಪನಿ ತೆರೆದು ಎರಡು ನಮೂದು ಹಾಕಿ, ಪ್ರಿಂಟ್ ತೆಗೆಯಿರಿ. ಆಮೇಲೆ ನಕಲು ಮಾಡಿದ ಡೇಟಾವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಪರವಾನಗಿ ಇಲ್ಲದಿದ್ದರೂ ಟ್ಯಾಲಿ ಎಜುಕೇಶನಲ್ ಮೋಡ್‌ನಲ್ಲಿ ತೆರೆಯುತ್ತದೆ, ನೋಡಲು ಅಷ್ಟು ಸಾಕು. ಆ ಕಂಪ್ಯೂಟರಿನಲ್ಲಿರುವ ಟ್ಯಾಲಿ ನಿಮ್ಮದಕ್ಕಿಂತ ಹೊಸ ಆವೃತ್ತಿಯದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ; ಹೊಸದಕ್ಕೆ ಒಮ್ಮೆ ಬದಲಾದ ಡೇಟಾ ಹಳೆಯದರಲ್ಲಿ ತೆರೆಯದೆ ಹೋಗಬಹುದು. ಅದಕ್ಕೇ ಮೂಲವನ್ನು ಮುಟ್ಟದೆ ನಕಲಿನ ಮೇಲೆ ಪ್ರಯೋಗ.

ಹೊಸ ಕಂಪನಿ ಸರಿಯಾಗಿ ನಡೆದು ನಿಮ್ಮ ಕಂಪನಿ ಮಾತ್ರ ಎರಡೂ ಕಡೆ ಎಡವಿದರೆ ಕಾಯಿಲೆ ಡೇಟಾದಲ್ಲಿದೆ, ರಿಪೇರಿ ಆಯ್ಕೆ ಬಳಸಿ. ನಿಮ್ಮ ಡೇಟಾ ಬೇರೆ ಕಂಪ್ಯೂಟರಿನಲ್ಲಿ ಲಕ್ಷಣವಾಗಿ ತೆರೆದರೆ ಕಾಯಿಲೆ ನಿಮ್ಮ ಯಂತ್ರದಲ್ಲಿದೆ. ಟ್ಯಾಲಿ ಬಳಸುವವರಿಗೆ ‘ಮೆಮೊರಿ ಆ್ಯಕ್ಸೆಸ್ ವಯೊಲೇಶನ್’, ಸಿ0000005 ಎಂಬ ಸಂದೇಶ ಪರಿಚಿತ. ಪ್ರೋಗ್ರಾಂ ತನ್ನದಲ್ಲದ ನೆನಪಿನ ಜಾಗಕ್ಕೆ ಕೈ ಹಾಕಿತು ಎಂದು ಅದರ ಅರ್ಥ. ಕಾರಣ ಕೆಟ್ಟ ಡೇಟಾ ಇರಬಹುದು, ಸಡಿಲವಾದ ರ‍್ಯಾಮ್ ಇರಬಹುದು, ಆ್ಯಂಟಿವೈರಸ್ ಅಡ್ಡ ಬಂದಿರಬಹುದು, ಗ್ರಾಫಿಕ್ಸ್ ಡ್ರೈವರ್ ಇರಬಹುದು. ರ‍್ಯಾಮಿನ ಮೇಲೆ ಅನುಮಾನವಿದ್ದರೆ ವಿಂಡೋಸ್‌ನಲ್ಲೇ ‘ಮೆಮೊರಿ ಡಯಾಗ್ನಾಸ್ಟಿಕ್’ ಇದೆ, ರಾತ್ರಿ ಅಂಗಡಿ ಮುಚ್ಚುವಾಗ ಓಡಲು ಬಿಡಿ. ‘ರಿಲಯಬಿಲಿಟಿ ಮಾನಿಟರ್’ ಎಂದು ಹುಡುಕಿ ತೆರೆದರೆ ಯಾವ ದಿನ ಏನು ಅಪ್‌ಡೇಟ್ ಆಯಿತು, ಯಾವ ದಿನ ಯಾವ ಪ್ರೋಗ್ರಾಂ ಬಿದ್ದಿತು ಎಂಬುದು ದಿನಚರಿಯಂತೆ ಕಾಣುತ್ತದೆ. ‘ನಿನ್ನಿ ತನಾ ಛಲೋ ಇತ್ತು’ ಎಂಬ ಮಾತಿಗೆ ಉತ್ತರ ಅಲ್ಲಿರುತ್ತದೆ: ನಿನ್ನೆ ರಾತ್ರಿ ಏನು ಬದಲಾಯಿತು?

ಲೈಟು, ಧೂಳು, ಬಿಸಿಲು

ಮಗ್ಗಗಳಿರುವ ಓಣಿಯಲ್ಲಿ ವೋಲ್ಟೇಜ್ ಒಂದೇ ಸಮ ಇರುವುದಿಲ್ಲ. ಮೋಟರು ಶುರುವಾಗುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಒಂದೇ ಲೈನಿನಲ್ಲಿ ಹತ್ತು ಮಗ್ಗ ಒಟ್ಟಿಗೆ ಎದ್ದರೆ ಬಲ್ಬು ಮಂಕಾಗುತ್ತದೆ, ಯುಪಿಎಸ್ ದಿನಕ್ಕೆ ನೂರು ಸಲ ಬ್ಯಾಟರಿಗೆ ಹೊರಳುತ್ತದೆ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುವುದು ಸಹಜ. ತಿಂಗಳಿಗೊಮ್ಮೆ ಎಲ್ಲ ಕೆಲಸ ಮುಚ್ಚಿ ಯುಪಿಎಸ್ಸಿನ ಪ್ಲಗ್ ಕಿತ್ತು ನೋಡಿ. ಐದು ನಿಮಿಷ ತಾಳದಿದ್ದರೆ ಬ್ಯಾಟರಿ ಬದಲಿಸಿ. ಇನ್ನೊಂದು ಎಲ್ಲರೂ ಮರೆಯುವ ಸಂಗತಿ: ಡೇಟಾ ಇರುವ ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ನಡುವಿನ ನೆಟ್‌ವರ್ಕ್ ಸ್ವಿಚ್‌ಗೆ ಇರುವುದಿಲ್ಲ. ಲೈಟು ಹೋದ ಕ್ಷಣ ಎರಡನೆಯ ಕಂಪ್ಯೂಟರ್ ಬರೆಯುತ್ತಿದ್ದ ಬಿಲ್ಲು ಅರ್ಧಕ್ಕೇ ತುಂಡಾಗುತ್ತದೆ, ಡೇಟಾ ಹಾಳಾಗಲು ಅಷ್ಟು ಸಾಕು.

ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆಯೇ? ಅರ್ಥಿಂಗ್ ಇಲ್ಲ ಎಂದರ್ಥ. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಪ್ರಿಂಟರ್ ಇನ್ನೊಂದರಲ್ಲಿ ಇದ್ದು ಅರ್ಥಿಂಗ್ ಇಲ್ಲದಿದ್ದರೆ ಎರಡರ ನಡುವಿನ ವ್ಯತ್ಯಾಸದ ವಿದ್ಯುತ್ತು ಯುಎಸ್‌ಬಿ ತಂತಿಯಲ್ಲೇ ಹಾಯುತ್ತದೆ. ಪ್ರಿಂಟರ್ ಆಗಾಗ ಕಾಣೆಯಾಗುವುದು, ಯುಎಸ್‌ಬಿ ಪೋರ್ಟ್ ಸುಡುವುದು ಇದರಿಂದಲೂ ಆಗುತ್ತದೆ. ಇಲ್ಲಿ ಬೇಕಾದವರು ಎಲೆಕ್ಟ್ರಿಶಿಯನ್.

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರ್ಖಾನೆಗಳಲ್ಲಿ ಟವೆಲ್ಲು ಚಾದರಗಳ ನೂಲಿನ ಎಳೆ ಗಾಳಿಯಲ್ಲೇ ಇರುತ್ತದೆ. ಅದು ಪ್ರೊಸೆಸರಿನ ಹೀಟ್‌ಸಿಂಕ್ ಮೇಲೆ ಹತ್ತಿಯ ಹಾಸಿಗೆಯಂತೆ ಕೂರುತ್ತದೆ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಒಳಗಿನ ಬಿಸಿ ಹೋಗಲು ದಾರಿಯಿಲ್ಲ. ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಕೊನೆಗೆ ಆರಿಹೋಗುತ್ತದೆ. ‘ಮಧ್ಯಾಹ್ನ ಆದರೆ ಟ್ಯಾಲಿ ಸ್ಲೋ ಆಗ್ತದ’ ಎಂಬ ದೂರು ಬಂದರೆ ನಾನು ಮೊದಲು ತಿರುಪು ಬಿಚ್ಚುತ್ತೇನೆ. ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಬ್ಲೋವರ್ ಹೊಡೆಯಿರಿ.

ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ಲು, ಸಿಆರ್2032, ಸತ್ತರೆ ಆಗುವ ಫಜೀತಿ ಇನ್ನೂ ವಿಚಿತ್ರ. ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರಿನ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಜಿಗಿಯುತ್ತದೆ. ಜಿಎಸ್‌ಟಿ ಜಾಲತಾಣ ‘ಸುರಕ್ಷಿತವಲ್ಲ’ ಎನ್ನುತ್ತದೆ, ಡಿಜಿಟಲ್ ಸಹಿ ಇನ್ನೂ ಚಾಲ್ತಿಗೆ ಬಂದಿಲ್ಲ ಎನ್ನುತ್ತದೆ, ಸಾಫ್ಟ್‌ವೇರಿನ ಪರವಾನಗಿ ತಕರಾರು ತೆಗೆಯುತ್ತದೆ. ಮೂರು ಕಡೆ ಮೂರು ದೋಷ, ಮೂಲ ಒಂದೇ ಸಣ್ಣ ಸೆಲ್ಲು. ಪರದೆಯ ಮೂಲೆಯ ಗಡಿಯಾರ ನೋಡುವ ರೂಢಿ ಇರಲಿ.

ಪ್ರಿಂಟರಿನ ಕತೆ

ಪ್ರಿಂಟರಿಗೆ ಬರೋಣ, ದೂರುಗಳಲ್ಲಿ ಇದರದ್ದೇ ದೊಡ್ಡ ಪಾಲು. ಮೊದಲು ಪ್ರಿಂಟರನ್ನೇ ಒಂಟಿಯಾಗಿ ಪರೀಕ್ಷಿಸಿ. ಎಪ್ಸನ್ ಎಲ್‌ಎಕ್ಸ್ ಸಾಲಿನ ಡಾಟ್ ಮ್ಯಾಟ್ರಿಕ್ಸ್‌ಗಳಲ್ಲಿ ಲೈನ್ ಫೀಡ್ ಗುಂಡಿ ಒತ್ತಿಹಿಡಿದು ಸ್ವಿಚ್ ಹಾಕಿದರೆ ಅದು ತಾನೇ ಸಾಲುಸಾಲಾಗಿ ಅಕ್ಷರ ಮುದ್ರಿಸುತ್ತದೆ. ಮುದ್ರಿಸಿತೆಂದರೆ ಪ್ರಿಂಟರ್ ಆರೋಗ್ಯವಾಗಿದೆ. ಎರಡನೆಯದಾಗಿ ನೋಟ್‌ಪ್ಯಾಡ್‌ನಲ್ಲಿ ನಾಲ್ಕು ಅಕ್ಷರ ಬರೆದು ಪ್ರಿಂಟ್ ಕೊಡಿ. ನೋಟ್‌ಪ್ಯಾಡ್‌ನಿಂದಲೂ ಬರಲಿಲ್ಲವೇ? ಹಾಗಾದರೆ ಟ್ಯಾಲಿಗೆ ಇದರಲ್ಲಿ ಪಾತ್ರವೇ ಇಲ್ಲ. ಕೇಬಲ್ ಅಥವಾ ಡ್ರೈವರ್ ನೋಡಿ.

ದುಧನಿಯ ಆ ಪಟ್ಟಿಯ ಗುಟ್ಟು ಹೀಗಿತ್ತು. ಬೆಳಿಗ್ಗೆ ಕಸ ಗುಡಿಸುವಾಗ ಯುಎಸ್‌ಬಿ ತಂತಿ ಕಳಚಿದೆ, ಯಾರೋ ಪಕ್ಕದ ತೂತಿಗೆ ಸಿಕ್ಕಿಸಿದ್ದಾರೆ. ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದೇ ತಿಳಿದು ಹೆಸರಿನ ಮುಂದೆ ‘ಕಾಪಿ 1’ ಎಂದು ಸೇರಿಸಿತು. ಟ್ಯಾಲಿ ಮಾತ್ರ ಹಳೆಯ ಹೆಸರಿಗೇ ಪಟ್ಟಿ ಕಳಿಸುತ್ತಿತ್ತು. ತಂತಿಯನ್ನು ಮೊದಲಿನ ತೂತಿಗೆ ಹಾಕಿದೆವು, ಸರತಿಯಲ್ಲಿದ್ದ ಪಟ್ಟಿಗಳೆಲ್ಲ ಒಂದರ ಹಿಂದೊಂದು ಬಂದವು. ಯಾವ ತಂತಿ ಯಾವ ತೂತಿಗೆ ಎಂದು ಬಣ್ಣದ ಟೇಪು ಅಂಟಿಸಿಬಿಟ್ಟರೆ ಈ ತೊಂದರೆಯೇ ಇಲ್ಲ. ಜೊತೆಗೆ ವಿಂಡೋಸ್‌ನ ಪ್ರಿಂಟರ್ ಸೆಟ್ಟಿಂಗಿನಲ್ಲಿ ‘ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ’ ಎಂಬ ಅರ್ಥದ ಆಯ್ಕೆ ಇದೆ, ಅದನ್ನು ಬಂದ್ ಮಾಡಿ. ಇಲ್ಲದಿದ್ದರೆ ಆಧಾರ್ ಜೆರಾಕ್ಸಿಗೆಂದು ಲೇಸರ್ ಪ್ರಿಂಟರ್ ಬಳಸಿದ ಮೇಲೆ ಬಿಲ್ಲುಗಳೂ ಅಲ್ಲಿಗೇ ಹೋಗುತ್ತವೆ.

ಒಂದು ಪ್ರಿಂಟರನ್ನು ಎರಡು ಮೂರು ಕಂಪ್ಯೂಟರ್ ಹಂಚಿಕೊಂಡಿದ್ದರೆ ಇನ್ನೊಂದು ಬಗೆಯ ತೊಡಕು. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಮೈಕ್ರೋಸಾಫ್ಟ್ ಪ್ರಿಂಟಿಂಗ್ ನಿಯಮಗಳನ್ನು ಬಿಗಿ ಮಾಡಿತು. ಆ ವರ್ಷದ ಸೆಪ್ಟೆಂಬರ್ ಅಪ್‌ಡೇಟಿನ ನಂತರ ಹಂಚಿಕೆಯ ಪ್ರಿಂಟರುಗಳು ಜಗತ್ತಿನಾದ್ಯಂತ 11ಬಿ ಎಂದು ಕೊನೆಯಾಗುವ ದೋಷಸಂಖ್ಯೆ ತೋರಿಸಿ ನಿಂತವು. ರಿಜಿಸ್ಟ್ರಿಯಲ್ಲಿ ಆ ಭದ್ರತೆಯನ್ನೇ ಬಂದ್ ಮಾಡಿಬಿಡುವ ಅಡ್ಡದಾರಿ ಚಾಲ್ತಿಗೆ ಬಂತು. ಹಣದ ಲೆಕ್ಕವಿರುವ ಕಂಪ್ಯೂಟರಿನಲ್ಲಿ ಅದನ್ನು ಮಾಡಬೇಡಿ. ಎಲ್ಲ ಕಂಪ್ಯೂಟರ್‌ಗಳಿಗೂ ಅಪ್‌ಡೇಟ್ ಪೂರ್ತಿ ಮಾಡಿ, ಎಲ್ಲದರಲ್ಲೂ ಅದೇ ಡ್ರೈವರ್ ಹಾಕಿ, ಪ್ರಿಂಟರನ್ನು ಮತ್ತೆ ಸೇರಿಸಿ. ಅದೇ ವರ್ಷದ ಮಾರ್ಚ್‌ನಲ್ಲಿ ಬಂದ ಒಂದು ವಿಂಡೋಸ್ 10 ಅಪ್‌ಡೇಟ್ ಕೆಲವು ಪ್ರಿಂಟರುಗಳಿಗೆ ಮುದ್ರಣ ಕೊಟ್ಟ ಕೂಡಲೇ ಇಡೀ ಪರದೆಯನ್ನು ನೀಲಿಯಾಗಿಸುತ್ತಿತ್ತು. ಮೈಕ್ರೋಸಾಫ್ಟ್ ಮರುತಿದ್ದುಪಡಿ ಬಿಡಬೇಕಾಯಿತು. ಎಂದರೆ ತಪ್ಪು ಸದಾ ನಿಮ್ಮ ಕೈಯದಲ್ಲ. ಅಪ್‌ಡೇಟ್ ಆದ ಮರುದಿನವೇ ಕೆಟ್ಟಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಿಂದಿನ ದುಭಾಷಿಯನ್ನೇ ಕರೆತರಬಹುದು.

ಕನ್ನಡದ ಅಂಗಡಿಗಳಿಗೆ ಒಂದು ವಿಶೇಷ ಮಾತು. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಡ್ರಾಫ್ಟ್ ರೀತಿಯ ಮುದ್ರಣ ಬೇಗ ಆಗುತ್ತದೆ, ಏಕೆಂದರೆ ಅಕ್ಷರದ ಆಕಾರ ಪ್ರಿಂಟರಿನೊಳಗೇ ಇರುತ್ತದೆ. ಕಂಪ್ಯೂಟರ್ ಬರೀ ಅಕ್ಷರದ ಸಂಖ್ಯೆ ಕಳಿಸುತ್ತದೆ. ಹಳೆಯ ಪ್ರಿಂಟರುಗಳ ಆ ಭಂಡಾರದಲ್ಲಿ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ, 2010ರಲ್ಲಿ ಬಂದ ರೂಪಾಯಿಯ ಚಿಹ್ನೆಯೂ ಇಲ್ಲ. ಹಾಗಾಗಿ ರೈತನ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಟ್ಯಾಲಿಯಲ್ಲಿ ‘ನೀಟ್’ ಮುದ್ರಣ ಆಯ್ದುಕೊಂಡರೆ ಪುಟ ಚಿತ್ರವಾಗಿ ಹೋಗುತ್ತದೆ. ನಿಧಾನ, ಆದರೆ ಹೆಸರು ಹೆಸರಾಗಿಯೇ ಬರುತ್ತದೆ. ತನ್ನ ಹೆಸರು ತನ್ನ ಲಿಪಿಯಲ್ಲಿ ಓದಿಕೊಳ್ಳುವ ರೈತನಿಗಾಗಿ ಅಷ್ಟು ನಿಧಾನ ಒಪ್ಪತಕ್ಕದ್ದು. ಇನ್ನು ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಹಳೆಯ ಕಡತದ ಕನ್ನಡ ಹೆಸರುಗಳು ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರವಾಗಿ ಕಂಡರೆ ಹೆದರಬೇಡಿ: ಅದು ಯುನಿಕೋಡ್‌ಗೆ ಮುಂಚಿನ ನುಡಿಯಂಥ ಫಾಂಟಿನ ಬರಹ, ಫಾಂಟ್ ಮತ್ತೆ ಹಾಕಿದರೆ ಹಿಂದಿರುಗುತ್ತದೆ.

ಕಾಟಾ ಮತ್ತು ಟೋಕನ್

ತೂಕದ ಕಾಟಾದಿಂದ ಅಂಕಿ ನೇರ ಕಂಪ್ಯೂಟರಿಗೆ ಬರುವ ವ್ಯವಸ್ಥೆ ಇದ್ದರೆ ನಡುವೆ ಸೀರಿಯಲ್‌ನಿಂದ ಯುಎಸ್‌ಬಿಗೆ ಬದಲಿಸುವ ತಂತಿ ಇರುತ್ತದೆ. ಅಂಥ ಅನೇಕ ತಂತಿಗಳೊಳಗೆ ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್ಪು ಅಥವಾ ಅದರ ನಕಲು ಇದೆ. ಹೊಸ ವಿಂಡೋಸ್‌ಗೆ ಬಂದ ಡ್ರೈವರ್ ಹಳೆಯ ಚಿಪ್ಪುಗಳನ್ನು ಒಪ್ಪುವುದಿಲ್ಲ. ಈ ಚಿಪ್ಪು 2012ರಿಂದ ನಿಂತಿದೆ ಎಂಬ ಸಂದೇಶವೇ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನದೊಂದಿಗೆ ಕಾಣುತ್ತದೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಅಪರಿಚಿತ ಡ್ರೈವರ್ ಹುಡುಕುತ್ತ ಕೂರುವ ಬದಲು ಹೊಸ ಚಿಪ್ಪಿನ ತಂತಿ ಕೊಳ್ಳಿ. ತಂತಿ ಬದಲಾದಾಗ ಕಾಮ್ ಪೋರ್ಟಿನ ಸಂಖ್ಯೆಯೂ ಬದಲಾಗುತ್ತದೆ. ಸಾಫ್ಟ್‌ವೇರ್ ಕಾಮ್ 3ರಲ್ಲಿ ಕಾಯುತ್ತಿದ್ದರೆ ತಂತಿ ಕಾಮ್ 7ರಲ್ಲಿ ಕುಳಿತಿರುತ್ತದೆ. ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ ಹಳೆಯ ಸಂಖ್ಯೆಯನ್ನೇ ಕೊಡಿ. ಅದೇ ಡಿವೈಸ್ ಮ್ಯಾನೇಜರಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಬಂದ್ ಮಾಡಬಹುದು ಎಂಬ ಗುರುತು ತೆಗೆದುಬಿಡಿ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕಾಟಾ ‘ಕಾಣೆಯಾಗುವುದು’ ಇದರಿಂದಲೇ.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ವಿಷಯದಲ್ಲಿ ಅವಸರ ಮಾಡಬೇಡಿ. ಟೋಕನ್ನಿನ ಡ್ರೈವರ್ ಬೇರೆ, ಜಾಲತಾಣಕ್ಕೆ ಸಹಿ ಮುಟ್ಟಿಸುವ ಎಮ್‌ಸೈನರ್ ಬೇರೆ, ಎರಡೂ ಓಡುತ್ತಿರಬೇಕು. ಪಿನ್ ಮತ್ತೆ ಮತ್ತೆ ತಪ್ಪಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ. ಅದನ್ನು ‘ಇನಿಶಿಯಲೈಸ್’ ಮಾಡಿದರೆ ಒಳಗಿನ ಸಹಿ ಅಳಿಸಿಹೋಗುತ್ತದೆ, ಹೊಸದನ್ನೇ ಪಡೆಯಬೇಕು. ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ 13 ಮತ್ತು 22. ಆ ದಿನ ಟೋಕನ್ ಕೈಕೊಟ್ಟರೆ ನೆನಪಿರಲಿ, ಡಿಜಿಟಲ್ ಸಹಿ ಕಡ್ಡಾಯವಿರುವುದು ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ. ಒಬ್ಬರೇ ಮಾಲೀಕರಾದ ಅಂಗಡಿಗೆ ಮೊಬೈಲಿಗೆ ಬರುವ ಒಟಿಪಿಯ ಇವಿಸಿ ಸಾಕು.

ಮನೆಯ ಲೆಕ್ಕ, ಹಳೆಯ ಪ್ರೋಗ್ರಾಂ, ಹೊಸ ವಿಂಡೋಸ್

ಮನೆಯ ಜಮಾಖರ್ಚಿಗೆ ಗ್ನುಕ್ಯಾಶ್ ಬಳಸುವವರಿದ್ದಾರೆ. ಉಚಿತ, ಕನ್ನಡ ಅನುವಾದವೂ ಇದೆ. ಕರೆಂಟ್ ಹೋಗಿ ಬಂದಾಗ ಅದು ‘ಬೀಗ ಸಿಗಲಿಲ್ಲ’ ಎಂಬರ್ಥದ ಸಂದೇಶ ಕೊಡುತ್ತದೆ. ಗಾಬರಿಯಾಗಿ ‘ಹೊಸ ಕಡತ’ ಒತ್ತಬೇಡಿ. ಹಿಂದಿನ ಸಲ ಮುಚ್ಚದೆ ಉಳಿದ ಎಲ್‌ಸಿಕೆ ಕಡತ ಅದು. ಬೇರೆ ಯಾರೂ ತೆರೆದಿಲ್ಲವೆಂದು ನೋಡಿಕೊಂಡು ‘ಹೇಗಿದ್ದರೂ ತೆರೆ’ ಎಂಬುದನ್ನು ಒತ್ತಿ. ಅದೇ ಫೋಲ್ಡರಿನಲ್ಲಿ ದಿನಾಂಕ ಹೊತ್ತ ಹಳೆಯ ನಕಲುಗಳೂ ಇರುತ್ತವೆ. ಆ ಫೋಲ್ಡರನ್ನು ಒನ್‌ಡ್ರೈವ್‌ನಂಥ ಮೋಡದ ಸೇವೆ ಅದೇ ಗಳಿಗೆಯಲ್ಲಿ ಎಳೆದುಕೊಳ್ಳುತ್ತಿದ್ದರೆ ತಿಕ್ಕಾಟ ಖಂಡಿತ. ಲೆಕ್ಕ ತೆರೆದಿರುವಾಗ ಸಿಂಕ್ ನಿಲ್ಲಿಸಿ.

ಯಂತ್ರ ವೇಗವಾದದ್ದೇ ಪ್ರೋಗ್ರಾಂಗೆ ಕುತ್ತಾದದ್ದೂ ಉಂಟು. 1990ರ ದಶಕದ ಕೊನೆಗೆ ಪೆಂಟಿಯಂ-2 ಬಂದಾಗ ಟರ್ಬೊ ಪಾಸ್ಕಲ್‌ನಲ್ಲಿ ಬರೆದ ಅನೇಕ ಪ್ರೋಗ್ರಾಂಗಳು ‘ರನ್‌ಟೈಮ್ ಎರರ್ 200’ ಎಂದು ನಿಂತುಬಿಟ್ಟವು. ಪ್ರೊಸೆಸರಿನ ವೇಗ ಅಳೆಯುವ ಭಾಗಾಕಾರದ ಉತ್ತರ ಅದಕ್ಕಿಟ್ಟ ಜಾಗದಲ್ಲಿ ಹಿಡಿಸಲಿಲ್ಲ. ಈಗಲೂ ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕ ಇಟ್ಟುಕೊಂಡವರು ತಿಳಿಯಬೇಕಾದದ್ದು: 64 ಬಿಟ್ ವಿಂಡೋಸ್ ಅವನ್ನು ನಡೆಸುವುದಿಲ್ಲ, ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ. ಡಾಸ್‌ಬಾಕ್ಸ್-ಎಕ್ಸ್ ಎಂಬ ಉಚಿತ ಪ್ರೋಗ್ರಾಂ ಒಳಗೆ ಅವು ಇನ್ನೂ ನಡೆಯಬಲ್ಲವು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬದಲಿಸಬೇಕು, ಆದರೆ ಮಾರ್ಚ್ ಕೊನೆಯ ವಾರದಲ್ಲೂ ಬೇಡ, ರಿಟರ್ನ್ ವಾರದಲ್ಲೂ ಬೇಡ. ಮೊದಲು ಪ್ರಿಂಟರ್, ಟೋಕನ್, ಕಾಟಾ ಮೂರಕ್ಕೂ ವಿಂಡೋಸ್ 11ರ ಡ್ರೈವರ್ ತಯಾರಕರಲ್ಲಿ ಇದೆಯೇ ನೋಡಿ. ವಿಂಡೋಸ್ 11ರ ‘ಮೆಮೊರಿ ಇಂಟೆಗ್ರಿಟಿ’ ಎಂಬ ಕಾವಲು ಹಳೆಯ ಡಾಂಗಲ್‌ಗಳ ಡ್ರೈವರನ್ನು ಒಳಗೆ ಬಿಡದಿರಬಹುದು. ಕಾವಲು ತೆಗೆಯುವುದಕ್ಕಿಂತ ಹೊಸ ಡ್ರೈವರ್ ಕೇಳಿ ಪಡೆಯುವುದು ಸರಿ.

ಯಾರನ್ನಾದರೂ ಕರೆಯುವ ಮುನ್ನ ದೋಷದ ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಡೇಟಾ ಇರುವ ಜಾಗ, ಪ್ರಿಂಟರಿನ ಮಾದರಿ, ಕಾಮ್ ಸಂಖ್ಯೆ, ವಿಂಡೋಸ್ ಆವೃತ್ತಿ ಬರೆದ ಕಾಗದ ಕ್ಯಾಬಿನೆಟ್ಟಿನ ಬದಿಗೆ ಅಂಟಿರಲಿ. ಎಲ್ಲ ನೋಡಿಯೂ ಫಾರ್ಮ್ಯಾಟ್ ಬಿಟ್ಟು ದಾರಿಯಿಲ್ಲ ಎಂದಾದರೆ ಹೊಡೆಯಲಿ; ಆದರೆ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ನಿನ್ನೆಯ ರೋಖ ಬಾಕಿ ತಾಳೆಯಾದದ್ದನ್ನು ನೀವೇ ಕಣ್ಣಾರೆ ನೋಡಿದ ಮೇಲೆ.